ಚೆಕ್‌ಸಮ್

ಕಡತದ ಬೈಟುಗಳನ್ನೆಲ್ಲ ಲೆಕ್ಕಹಾಕಿ ಪಡೆಯುವ, ಅದು ಕೆಟ್ಟಿದೆಯೇ ಎಂಬುದನ್ನು ಪತ್ತೆಹಚ್ಚಲು ನೆರವಾಗುವ ಪುಟ್ಟ ಸಂಖ್ಯೆಯೇ ಚೆಕ್‌ಸಮ್. ಇದರ ಪೂರ್ವಪದವು ಅರಸನೆಂಬ ಅರ್ಥದ ಪಾರಸಿಯ ‘ಶಾಹ್’ ಶಬ್ದದಿಂದ ಹುಟ್ಟಿ, ಚದುರಂಗದ ಮಾತಾಗಿ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, ಕ್ರಮೇಣ ತಡೆ, ತಪಾಸಣೆ ಎಂಬ ಅರ್ಥಗಳನ್ನು ಪಡೆಯಿತು. ‘ಸಮ್’ ಎಂಬುದು ಮೇಲ್ತುದಿಯನ್ನು ಸೂಚಿಸುವ ಲ್ಯಾಟಿನ್ನಿನ ‘ಸುಮ್ಮ’ದಿಂದ ಬಂದದ್ದು, ಏಕೆಂದರೆ ರೋಮನ್ನರು ಮೊತ್ತವನ್ನು ಅಂಕಿಗಳ ಸಾಲಿನ ಮೇಲೆ ಬರೆಯುತ್ತಿದ್ದರು. ಬರಿಯ ಕೂಡಿಕೆಯಾದರೆ ಎರಡು ಬೈಟುಗಳು ಅದಲುಬದಲಾದರೂ ಮೊತ್ತ ಬದಲಾಗದು. ಈ ಮುಖ್ಯ ಕೊರತೆಯನ್ನು ನೀಗುವ, ಭಾಗಾಕಾರದ ಶೇಷವನ್ನು ಆಧರಿಸಿದ ಸಿಆರ್‌ಸಿ ವಿಧಾನವನ್ನು ವೆಸ್ಲಿ ಪೀಟರ್ಸನ್ 1961ರಲ್ಲಿ ವಿವರಿಸಿದರು, ಜಿಪ್ ಕಡತಗಳು ಇಂದಿಗೂ ಅದನ್ನೇ ಬಳಸುತ್ತವೆ. ‘ಸ್ಕೈರಿಮ್’ ಆಟಕ್ಕೆ ಅಭಿಮಾನಿಗಳು ರಚಿಸಿದ ಮಾರ್ಪಾಡನ್ನು, ಅಂದರೆ ಮಾಡ್ ಅನ್ನು, ಬಿಚ್ಚುವಾಗ ‘ಸಿಆರ್‌ಸಿ ಫೇಲ್ಡ್’ ಎಂದು ಕಾಣಿಸಿದರೆ, ಆಟದ ಸೆಟ್ಟಿಂಗುಗಳನ್ನು ಕೆದಕುವ ಬದಲು ಕಡತವನ್ನು ಮತ್ತೊಮ್ಮೆ ಡೌನ್‌ಲೋಡ್ ಮಾಡುವುದೇ ಸರಿಯಾದ ಮೊದಲ ಹೆಜ್ಜೆ.