ಕೆಂಪು ನೂಲಿನ ಗ್ಲಾಸು

ಘಟ್ಟ ಹತ್ತಿ ಚಹಾದಂಗಡಿ ಇಟ್ಟ ಬ್ಯಾರಿಗಳ ಕಥೆ ನಿಮಗೆಲ್ಲ ಗೊತ್ತು. ನಮ್ಮ ಉಪ್ಪ ಇನ್ನೂ ದೂರ ಹೋಗಿ ತಮಿಳುನಾಡಿನ ರಾಯಕೋಟೆಯಲ್ಲಿ ನೆಲೆ ನಿಂತರು. ಟಿಪ್ಪುವಿನ ಸೈನ್ಯದಿಂದ 1791ರಲ್ಲಿ ಇಂಗ್ಲಿಷರು ಕಸಿದುಕೊಂಡ ಬೆಟ್ಟದ ಕೋಟೆ ಇರುವ ಊರು ಅದು. ಈಗ ಅದಕ್ಕೆ ಹೆಸರು ಟೊಮ್ಯಾಟೊ ಮಂಡಿಯಿಂದ. ಹಾಗಾಗಿ ನಮ್ಮ ಗಿರಾಕಿಗಳಲ್ಲಿ ಲಾರಿ ಡ್ರೈವರುಗಳೇ ಹೆಚ್ಚು. ಅಂಗಡಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಮನೆಯೊಳಗೆ ಬ್ಯಾರಿ.

1990ರ ದಶಕದ ಕೊನೆಯಲ್ಲಿ ಒಬ್ಬ ಡ್ರೈವರಿಗೆ ‘ಆ ಕಾಯಿಲೆ’ ಇದೆಯೆಂಬ ಸುದ್ದಿ ಹಬ್ಬಿತು. ಉಳಿದ ಗಿರಾಕಿಗಳು ಗೊಣಗಿದರು. ಉಪ್ಪ ಒಂದು ಗ್ಲಾಸಿನ ಬುಡಕ್ಕೆ ಕೆಂಪು ನೂಲು ಸುತ್ತಿ ಅದನ್ನು ಅವನಿಗೆಂದೇ ಬೇರೆ ಇಟ್ಟರು. ಅವನಿಗೆ ಅರ್ಥವಾಯಿತು. ಏನೂ ಹೇಳಲಿಲ್ಲ. ಕುಡಿದು, ತಾನೇ ತೊಳೆದು, ಮೂಲೆಯಲ್ಲಿ ಇಟ್ಟು ಹೋಗುತ್ತಿದ್ದ. ಆಮೇಲೆ ಬರುವುದನ್ನೇ ಬಿಟ್ಟ.

ಉಪ್ಪ ಕೆಟ್ಟವರಲ್ಲ. ಆ ಹೆದರಿಕೆ ಅವರಿಗೆ ಎಲ್ಲಿಂದ ಬಂತು ಎಂದು ಈಗ ಯೋಚಿಸುತ್ತೇನೆ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸೊಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿ ಸಂಗ್ರಹಿಸಿದರು. ಪರೀಕ್ಷೆ ನಡೆದದ್ದು ವೆಲ್ಲೂರಿನಲ್ಲಿ. ಆರೋಗ್ಯ ಸಚಿವ ಎಚ್.ವಿ. ಹಂಡೆ ವಿಧಾನಸಭೆಯಲ್ಲಿ ವಿಷಯ ತಿಳಿಸಿದರು. ಅಂದಿನಿಂದ ಜನರ ಮನಸ್ಸಿನಲ್ಲಿ ಇದು ‘ಕೆಟ್ಟವರ’ ಕಾಯಿಲೆಯಾಯಿತು. ನಂತರದ ಗೋಡೆ ಪೋಸ್ಟರುಗಳಲ್ಲಿ ನನಗೆ ನೆನಪಿರುವುದು ತಲೆಬುರುಡೆ ಮತ್ತು ಸಾವು ಎಂಬ ಮಾತು. ಒಂದೇ ಗ್ಲಾಸಿನಲ್ಲಿ ಕುಡಿದರೆ ಹರಡುವುದಿಲ್ಲ ಎಂಬುದು ಇದ್ದಿದ್ದರೂ ಸಣ್ಣ ಅಕ್ಷರದಲ್ಲಿ ಇದ್ದಿರಬೇಕು.

2003ರ ಸುಮಾರಿಗೆ ತಮಿಳುನಾಡಿನ ರಸ್ತೆಗಳಲ್ಲಿ ‘ಪುಳ್ಳಿರಾಜ’ನ ಹೋರ್ಡಿಂಗುಗಳು ಎದ್ದವು. ಅವನಿಗೆ ಏಡ್ಸ್ ಬರುತ್ತದೆಯೇ ಎಂಬುದೇ ಪ್ರಶ್ನೆ. ಮುಚ್ಚಿಟ್ಟ ವಿಷಯ ಬೀದಿಯ ಮಾತಾಯಿತು, ಅಷ್ಟು ಒಪ್ಪಬೇಕು. ಆದರೆ ನಮ್ಮ ಅಂಗಡಿಯಲ್ಲಿ ಪುಳ್ಳಿರಾಜ ಬೈಗುಳವೂ ಆದ. ಕಾಯಿಲೆ ಬಾರದ ಹಾಗೆ ಎಚ್ಚರಿಸುವುದು ಒಂದು ಕೆಲಸ, ಬಂದವನನ್ನು ಮನುಷ್ಯನಂತೆ ಕಾಣಿಸುವುದು ಬೇರೆಯೇ ಕೆಲಸ.

ಆ ಎರಡನೆಯ ಕೆಲಸವನ್ನು ನಮ್ಮ ಮಟ್ಟಿಗೆ ಮಾಡಿದ್ದು ಅದೇ ವರ್ಷದ ಒಂದು ಪತ್ರಿಕಾ ಚಿತ್ರ. ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಎಚ್‌ಐವಿ ಇದ್ದ ಅನಾಥ ಅಕ್ಕ ತಮ್ಮಂದಿರನ್ನು ಶಾಲೆಗೆ ಸೇರಿಸಲು ಬೇರೆ ಮಕ್ಕಳ ಪೋಷಕರು ಬಿಡಲಿಲ್ಲ. ಕೇಂದ್ರ ಆರೋಗ್ಯ ಸಚಿವೆ ಸುಷ್ಮಾ ಸ್ವರಾಜ್ ಕ್ಯಾಮೆರಾಗಳ ಎದುರೇ ಆ ಮಕ್ಕಳನ್ನು ಅಪ್ಪಿಕೊಂಡರು. 1987ರಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ರಾಜಕುಮಾರಿ ಡಯಾನಾ ಕೈಗವಸಿಲ್ಲದೆ ರೋಗಿಯ ಕೈಕುಲುಕಿದ ಚಿತ್ರ ಲೋಕವೆಲ್ಲ ಸುತ್ತಿತ್ತು. ರಾಯಕೋಟೆಗೆ ತಲುಪಿದ್ದು ಕೊಲ್ಲಂನ ಚಿತ್ರ. ಉಪ್ಪ ಅದನ್ನು ಬಹಳ ಹೊತ್ತು ನೋಡಿದರು. ಸಂಜೆ ನೂಲು ಕತ್ತರಿಸಿ ಆ ಗ್ಲಾಸನ್ನು ಉಳಿದವುಗಳ ಜೊತೆ ಸೇರಿಸಿದರು.

ಚಿತ್ರ ಒಂದರಿಂದಲೇ ಎಲ್ಲ ಬದಲಾಯಿತು ಎನ್ನಲಾರೆ. 2004ರ ಏಪ್ರಿಲ್‌ನಿಂದ ತಾಂಬರಂನಂಥ ಸರಕಾರಿ ಆಸ್ಪತ್ರೆಗಳಲ್ಲಿ ಎಆರ್‌ಟಿ ಔಷಧಿ ಉಚಿತವಾಗಿ ಸಿಗತೊಡಗಿತು. ಮಾತ್ರೆ ನುಂಗಿ ಕೆಲಸಕ್ಕೆ ಹೋಗುವವರನ್ನು ಕಂಡ ಮೇಲೆ ತಲೆಬುರುಡೆಗೆ ಬೆಲೆ ಇಳಿಯಿತು. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಕಾಯ್ದೆ ಶಾಲೆ, ಉದ್ಯೋಗ, ಚಿಕಿತ್ಸೆಗಳಲ್ಲಿ ತಾರತಮ್ಯವನ್ನು ನಿಷೇಧಿಸಿದೆ. ಆದರೂ ಇಂಥವರ ಮಯ್ಯಿತ್ ಸ್ನಾನ ಮಾಡಿಸಲು ನಮ್ಮವರೇ ಹಿಂದೆ ಸರಿದದ್ದನ್ನು ಕೇಳಿದ್ದೇನೆ. ಕೈಗವಸು ಹಾಕಿ, ಗಾಯವಿದ್ದರೆ ಮುಚ್ಚಿಕೊಂಡು, ಎಚ್ಚರದಿಂದ ಮಾಡಿಸಬಹುದು ಎಂದು ಹೇಳಿದ ಒಂದು ಪೋಸ್ಟರನ್ನೂ ನಾನು ಕಂಡಿಲ್ಲ.

2007ರಲ್ಲಿ ಸಂತೋಷ್ ಶಿವನ್ ‘ಪ್ರಾರಂಭ’ ಎಂಬ ಕನ್ನಡ ಕಿರುಚಿತ್ರ ಮಾಡಿದರು. ಎಚ್‌ಐವಿ ಇರುವ ಹುಡುಗನಿಗೆ ನೆರವಾಗುವ ಲಾರಿ ಡ್ರೈವರಾಗಿ ಪ್ರಭುದೇವ ಅದರಲ್ಲಿದ್ದಾರೆ. ಅದನ್ನು ಉಪ್ಪನ ಜೊತೆ ಕೂತು ನೋಡಿದೆ. ಮುಗಿದ ಮೇಲೆ ಅವರು ನಮ್ಮ ಆ ಡ್ರೈವರಿನ ಹೆಸರೇನೆಂದು ಕೇಳಿದರು. ಉಮ್ಮನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.