ಬೋರ್ಡೋ ಮದ್ದಿನ ಊರೂ ನಮ್ಮ ಗೇರುಹಣ್ಣೂ



ಮಳೆಗಾಲ ಹಿಡಿಯುವ ಮೊದಲು ಕಾರ್ಕಳದ ಕಡೆ ಅಡಿಕೆ ತೋಟ ಇದ್ದವರಿಗೆಲ್ಲ ಒಂದೇ ಗಡಿಬಿಡಿ. ಮೈಲುತುತ್ತು ತರಬೇಕು, ಸುಣ್ಣ ತರಬೇಕು, ಮರ ಹತ್ತುವವರನ್ನು ಹುಡುಕಬೇಕು, ಕೊಳೆರೋಗ ಬರುವ ಮೊದಲೇ ಮದ್ದು ಬಿಡಬೇಕು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಈ ಲೆಕ್ಕ ನಮ್ಮ ಮಕ್ಕಳಿಗೂ ಬಾಯಿಪಾಠ. ಅದಕ್ಕೆ ಬೋರ್ಡೋ ದ್ರಾವಣ ಅಂತ ಹೆಸರು. ಆದರೆ ಬೋರ್ಡೋ ಅಂದರೆ ಏನೆಂದು ಯಾರಾದರೂ ಕೇಳಿದ್ದುಂಟೆ? ಅದೊಂದು ಊರಿನ ಹೆಸರು. ಫ್ರಾನ್ಸ್ ದೇಶದ ಪಡುವಣ ಭಾಗದಲ್ಲಿ, ಕಡಲಿಗೆ ಹತ್ತಿರದಲ್ಲಿ, ದ್ರಾಕ್ಷಿ ತೋಟಗಳ ನಡುವೆ ಇರುವ ಊರು.

ಅಲ್ಲಿಯ ತೋಟದವರು ದಾರಿಬದಿಯ ದ್ರಾಕ್ಷಿಯನ್ನು ಕಳ್ಳರು ಕೀಳದಿರಲೆಂದು ಮೈಲುತುತ್ತು ಮತ್ತು ಸುಣ್ಣ ಕದಡಿ ಬಳ್ಳಿಗೆ ಎರಚುತ್ತಿದ್ದರು. ಎಲೆಗಳಿಗೆ ಬೂಜುರೋಗ ಬಂದ ಕಾಲದಲ್ಲಿ ಆ ಬಳ್ಳಿಗಳು ಮಾತ್ರ ಹಸುರಾಗಿ ಉಳಿದಿದ್ದವು. ಮಿಲಾರ್ದೆ ಎಂಬ ಪ್ರಾಧ್ಯಾಪಕರು ಅದನ್ನು ಕಂಡು, ಪರೀಕ್ಷೆ ಮಾಡಿ, 1885ರಲ್ಲಿ ಲೋಕಕ್ಕೆ ತಿಳಿಸಿದರು. ಇಪ್ಪತ್ತೈದು ವರುಷಗಳ ತರುವಾಯ, ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಅದೇ ಮದ್ದನ್ನು ಪ್ರಯೋಗಿಸಿ ತೋರಿಸಿದರು. ಹೀಗೆ ನಮ್ಮ ಅಡಿಕೆಗೂ ಫ್ರಾನ್ಸಿನ ದ್ರಾಕ್ಷಿಗೂ ಒಂದು ನಂಟು ಬೆಳೆಯಿತು.

ಆ ದ್ರಾಕ್ಷಿಯಿಂದ ತಯಾರಾಗುವ ದ್ರಾಕ್ಷಾರಸದ, ಅಂದರೆ ವೈನಿನ, ವ್ಯಾಪಾರದ ಕಥೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇನೆ. ಕುಡಿಯಿರಿ ಅಂತ ಹೇಳಲಿಕ್ಕೆ ಅಲ್ಲ ಮಾರಾಯ್ರೆ. ಹಳೆಯ ಸಾಹುಕಾರ ದೇಶಗಳು ಹಿಡಿದುಕೊಂಡಿದ್ದ ಒಂದು ಪೇಟೆಗೆ ಕೈಯಲ್ಲಿ ಹೆಚ್ಚು ಹಣವಿಲ್ಲದ ಹೊಸ ದೇಶಗಳು ಹೇಗೆ ಹೊಕ್ಕವು, ಎಲ್ಲಿ ಎಡವಿದವು ಎಂಬುದನ್ನು ತಿಳಿದರೆ ನಮ್ಮ ಬೆಳೆಗೂ ಒಂದು ಬುದ್ಧಿ ಸಿಕ್ಕೀತು, ಅದಕ್ಕಾಗಿ.

ವೈನಿಗೂ ನಮ್ಮ ಪಡುಗಡಲಿಗೂ ಪರಿಚಯ ಹೊಸತಲ್ಲ. ಎರಡು ಸಾವಿರ ವರುಷಗಳ ಹಿಂದೆ ಗ್ರೀಕರು ಬರೆದಿಟ್ಟ ಪೆರಿಪ್ಲಸ್ ಎಂಬ ಕಡಲ ಕೈಪಿಡಿಯಲ್ಲಿ, ಮಲಬಾರಿನ ಬಂದರುಗಳಿಂದ ಕಾಳುಮೆಣಸು ಹೋಗುತ್ತಿದ್ದುದೂ, ಬಂದ ಸರಕುಗಳಲ್ಲಿ ವೈನ್ ಇದ್ದುದೂ ದಾಖಲಾಗಿದೆ. ವೈನ್ ತುಂಬಿ ತರುತ್ತಿದ್ದ ಮಣ್ಣಿನ ಜಾಡಿಗಳ ಚೂರುಗಳು ಕೇರಳದ ಪಟ್ಟಣಂ ಎಂಬಲ್ಲಿ ಅಗೆದಾಗ ಸಿಕ್ಕಿವೆ. ಅಂದು ನಾವು ಕೊಳ್ಳುವವರು, ಅವರು ಮಾರುವವರು.

ಮುಂದೆ ಈ ವ್ಯಾಪಾರದಲ್ಲಿ ಫ್ರಾನ್ಸ್ ದೇಶವೇ ದೊಡ್ಡಣ್ಣನಾಯಿತು. 1860ರ ದಶಕದಲ್ಲಿ ಬೇರು ಹೀರುವ ಫಿಲೋಕ್ಸೆರಾ ಎಂಬ ಕೀಟ ಹೊಕ್ಕು ಆ ದೇಶದ ತೋಟಗಳನ್ನೇ ಒಣಗಿಸಿಬಿಟ್ಟಿತು. ಕೀಟ ಅಮೆರಿಕದಿಂದ ಬಂದದ್ದು. ಉಪಾಯವೂ ಅಲ್ಲಿಂದಲೇ ಬಂತು. ಅಮೆರಿಕದ ಬಳ್ಳಿಯ ಬೇರಿಗೆ ಫ್ರಾನ್ಸಿನ ಬಳ್ಳಿಯನ್ನು ಕಸಿ ಕಟ್ಟಿದರು. 1935ರಲ್ಲಿ ಅವರು ಇನ್ನೊಂದು ಬಂದೋಬಸ್ತು ಮಾಡಿದರು. ಯಾವ ಊರಿನ ಹೆಸರನ್ನು ಯಾವ ಜಾತಿಯ ದ್ರಾಕ್ಷಿಯ ರಸಕ್ಕೆ ಇಡಬಹುದು, ಎಕರೆಗೆ ಎಷ್ಟು ಬೆಳೆಯಬಹುದು ಎಂದು ಕಾನೂನು ಕಟ್ಟಿದರು. ಊರಿನ ಹೆಸರೇ ಬೆಳೆಗಾರರ ಆಸ್ತಿಯಾಯಿತು.

ಇಂಥ ಕೋಟೆಯಲ್ಲಿ ಮೊದಲು ಬಿರುಕು ಕಂಡದ್ದು 1976ರಲ್ಲಿ. ಪ್ಯಾರಿಸಿನಲ್ಲಿ ಹೆಸರಿನ ಚೀಟಿ ಮುಚ್ಚಿಟ್ಟು ಪರೀಕ್ಷೆ ನಡೆಸಿದರು. ರುಚಿ ನೋಡಿದ ಪರಿಣತರೆಲ್ಲ ಫ್ರೆಂಚರೇ. ಕೆಂಪಿನಲ್ಲೂ ಬಿಳಿಯಲ್ಲೂ ಮೊದಲ ಸ್ಥಾನ ಹೋದದ್ದು ಅಮೆರಿಕದ ಕ್ಯಾಲಿಫೋರ್ನಿಯಕ್ಕೆ! ಹೆಸರು ಮುಚ್ಚಿದರೆ ಹೊಸಬರ ಸರಕೂ ಗೆಲ್ಲಬಲ್ಲದು ಅಂತ ಆಗ ಗೊತ್ತಾಯಿತು.

ಅಮೆರಿಕ ಹೇಗೂ ಶ್ರೀಮಂತ ದೇಶ. ಚಿಲಿ ದೇಶ ಹಾಗಲ್ಲ. ಅಲ್ಲಿ ಹಳೆಯ ಮರದ ಪೀಪಾಯಿಗಳಲ್ಲಿ ಹುಳಿಸಿ, ಊರಲ್ಲೇ ಅಗ್ಗಕ್ಕೆ ಮಾರುತ್ತಿದ್ದರು. 1979ರಲ್ಲಿ ಸ್ಪೇನಿನ ಮಿಗೆಲ್ ಟೊರೆಸ್ ಎಂಬವರು ಅಲ್ಲಿ ತೋಟ ಕೊಂಡು, ತಂಪಾಗಿಡಬಲ್ಲ ಉಕ್ಕಿನ ತೊಟ್ಟಿಗಳನ್ನು ತಂದರು. ಉಳಿದವರು ನೋಡಿ ಕಲಿತರು. ಆ ಬೇರಿನ ಕೀಟ ಚಿಲಿಗೆ ಕಾಲಿಡಲಿಲ್ಲವಾದ್ದರಿಂದ ಹಳೆಯ ಬಳ್ಳಿಗಳೆಲ್ಲ ಸ್ವಂತ ಬೇರಿನ ಮೇಲೇ ಇದ್ದವು. 1994ರಲ್ಲಿ ಫ್ರಾನ್ಸಿನ ಒಬ್ಬ ತಜ್ಞರು ಹೋಗಿ ನೋಡಿದರೆ, ಚಿಲಿಯವರು ಮೆರ್ಲೋ ಎಂದುಕೊಂಡು ಬೆಳೆಸುತ್ತಿದ್ದುದರಲ್ಲಿ ಬಹುಪಾಲು, ಬೋರ್ಡೋದಲ್ಲಿ ಹೆಚ್ಚುಕಮ್ಮಿ ಕಣ್ಮರೆಯಾಗಿದ್ದ ಕಾರ್ಮನೇರ್ ಜಾತಿ! ಚಿಲಿಯವರು ನಾಚಿಕೊಳ್ಳಲಿಲ್ಲ. ಇದು ನಮ್ಮಲ್ಲಿ ಮಾತ್ರ ಉಳಿದದ್ದು ಎಂದು ಅದನ್ನೇ ಹೆಸರು ಹೇಳಿ ಮಾರಿದರು.

ದಕ್ಷಿಣ ಆಫ್ರಿಕದ ಕಥೆ ಬೇರೆ. ಬೆಳೆ ಹೆಚ್ಚಾಗಿ ಬೆಲೆ ಬಿದ್ದುಹೋದಾಗ, 1918ರಲ್ಲಿ ಅಲ್ಲಿಯ ಬೆಳೆಗಾರರು ಕೆ.ಡಬ್ಲ್ಯು.ವಿ. ಎಂಬ ಸಹಕಾರಿ ಸಂಘ ಕಟ್ಟಿದರು. ಸಂಘ ಕನಿಷ್ಠ ಬೆಲೆ ಗೊತ್ತು ಮಾಡಿ, ಮಿಕ್ಕ ರಸವನ್ನು ತಾನೇ ಕೊಂಡು ಭಟ್ಟಿ ಇಳಿಸುತ್ತಿತ್ತು. ಬೆಳೆಗಾರ ಉಳಿದ, ನಿಜ. ಆದರೆ ಹೇಗೆ ಬೆಳೆದರೂ ಕೊಳ್ಳುವವರಿದ್ದಾರೆ ಎಂದಾದ ಮೇಲೆ ಗುಣದ ಕಡೆ ಗಮನ ಕಡಿಮೆಯಾಯಿತು. ತೋಟದ ಕರಿಯ ಆಳುಗಳಿಗೆ ಕೂಲಿಯ ಒಂದು ಪಾಲನ್ನು ವೈನಿನಲ್ಲೇ ಕೊಡುವ ಕೆಟ್ಟ ಪದ್ಧತಿಯೂ ಇತ್ತು. ಎಷ್ಟೋ ಸಂಸಾರಗಳು ಅದರಿಂದ ಹಾಳಾದವು. ವರ್ಣಭೇದದ ಕಾರಣ ಹೊರದೇಶಗಳು ಬಾಗಿಲು ಮುಚ್ಚಿದ್ದವು. 1994ರಲ್ಲಿ ಎಲ್ಲರಿಗೂ ಮತ ಸಿಕ್ಕಿ ಹೊಸ ಸರಕಾರ ಬಂದ ಮೇಲೆಯೇ ಅವರ ಸರಕು ಪರದೇಶದ ಪೇಟೆಗೆ ಧಾರಾಳವಾಗಿ ಹೋಗತೊಡಗಿತು.

ಇನ್ನು ನಮ್ಮ ಕರ್ನಾಟಕಕ್ಕೆ ಬರೋಣ. ಬೆಂಗಳೂರು, ಚಿಕ್ಕಬಳ್ಳಾಪುರದ ಸುತ್ತ ಬಹುಕಾಲದಿಂದ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿ ಅಮೆರಿಕ ಮೂಲದ ಇಸಬೆಲ್ಲಾ ಜಾತಿ. ತಿನ್ನಲಿಕ್ಕೆ, ಹಣ್ಣಿನ ರಸಕ್ಕೆ, ಸಿಹಿ ವೈನಿಗೆ ಆಗುತ್ತದೆ; ಯುರೋಪಿನವರು ಒಪ್ಪುವ ವೈನಿಗೆ ಆಗದು. 1988ರಲ್ಲಿ ಕನ್ವಲ್ ಗ್ರೋವರ್ ಅವರು ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಸಮೀಪ, ಫ್ರಾನ್ಸಿನ ಜಾತಿಗಳ ತೋಟ ಎಬ್ಬಿಸಿದರು. ಬೋರ್ಡೋ ಕಡೆಯ ಮಿಶೆಲ್ ರೊಲ್ಲಾಂ ಎಂಬ ಪಂಡಿತರನ್ನು ಸಲಹೆಗೆ ಕರೆಸಿದರು. ಚಳಿದೇಶದಲ್ಲಿ ಬಳ್ಳಿ ಹಿಮಗಾಲದಲ್ಲಿ ಮಲಗಿ ವಸಂತದಲ್ಲಿ ಏಳುತ್ತದೆ. ನಮ್ಮಲ್ಲಿ ಮಲಗುವುದೇ ಇಲ್ಲ. ಆದ್ದರಿಂದ ಏಪ್ರಿಲಿನಲ್ಲೊಮ್ಮೆ ಅಕ್ಟೋಬರಿನಲ್ಲೊಮ್ಮೆ, ವರುಷಕ್ಕೆ ಎರಡು ಸಲ ಸವರಿ, ಫೆಬ್ರವರಿ-ಮಾರ್ಚಿಯ ಒಣಹವೆಯಲ್ಲಿ ಒಂದು ಬೆಳೆ ತೆಗೆಯುತ್ತಾರೆ.

2001ರಲ್ಲಿ ಮಹಾರಾಷ್ಟ್ರವೂ 2007ರಲ್ಲಿ ಕರ್ನಾಟಕವೂ ದ್ರಾಕ್ಷಿ ಸಂಸ್ಕರಣೆಗೆಂದೇ ನೀತಿ ರೂಪಿಸಿದವು. ನಮ್ಮಲ್ಲಿ ವೈನ್ ಮಂಡಳಿ ಹುಟ್ಟಿತು. ವಿಜಯಪುರ, ಬಾಗಲಕೋಟೆ ಕಡೆಯ ಕೃಷ್ಣಾ ಕಣಿವೆಯ ರೈತರೂ ವೈನ್ ದ್ರಾಕ್ಷಿ ನೆಟ್ಟರು.

ಈಗ ಒಂದು ಮಾತನ್ನು ಚೆನ್ನಾಗಿ ಮನಸ್ಸಿಗೆ ಹಾಕಿಕೊಳ್ಳಿ. ತಿನ್ನುವ ದ್ರಾಕ್ಷಿಗೆ ಪೇಟೆಯಲ್ಲಿ ಬೆಲೆ ಬಿದ್ದರೆ ವಿಜಯಪುರದ ರೈತ ಅದನ್ನು ಒಣದ್ರಾಕ್ಷಿ ಮಾಡಿ ಇಟ್ಟುಕೊಂಡಾನು. ವೈನ್ ದ್ರಾಕ್ಷಿ ಹಾಗಲ್ಲ. ಕಾಯಿ ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಸಂತೆಯಲ್ಲಿ ಯಾರು ಕೊಳ್ಳುತ್ತಾರೆ? ಅದಕ್ಕೆ ಗಿರಾಕಿ ಕಾರ್ಖಾನೆ ಮಾತ್ರ. 2008ರಲ್ಲಿ ಲೋಕದ ಹಣಕಾಸು ಕುಸಿಯಿತು; ಆ ವರುಷದ ನವೆಂಬರಿನಲ್ಲಿ ಮುಂಬಯಿಯ ಹೋಟೆಲುಗಳ ಮೇಲೆ ದಾಳಿಯಾಯಿತು; ಪ್ರವಾಸಿಗಳು ಬರಲಿಲ್ಲ, ವೈನ್ ಖರ್ಚಾಗಲಿಲ್ಲ. ನಾಸಿಕದ ಕಡೆ ಕಾರ್ಖಾನೆಗಳು ಹಣ್ಣು ಕೊಳ್ಳುವುದನ್ನು ಕಡಿಮೆ ಮಾಡಿದವು, ಕೆಲವು ನಿಲ್ಲಿಸಿಯೇ ಬಿಟ್ಟವು. ಸಾಲ ಮಾಡಿ ನೆಟ್ಟ ಬಳ್ಳಿಗಳನ್ನು ರೈತರು ತಮ್ಮ ಕೈಯಿಂದಲೇ ಕಿತ್ತುಹಾಕಿದರು.

ಪೈಪೋಟಿ ಈಗಲೂ ಮುಗಿದಿಲ್ಲ. ಹೊರಗಿನ ವೈನಿಗೆ ನಮ್ಮ ದೇಶ ಬಹುಕಾಲ ಶೇಕಡಾ 150 ಸುಂಕ ಹಾಕುತ್ತಿತ್ತು. 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಒಪ್ಪಂದದಂತೆ, ಆಸ್ಟ್ರೇಲಿಯದ ತಕ್ಕಮಟ್ಟಿಗೆ ಬೆಲೆಬಾಳುವ ವೈನಿನ ಸುಂಕ ವರುಷ ವರುಷ ಇಳಿಯುವಂತಾಗಿದೆ. ಸುಂಕದ ಗೋಡೆ ತಗ್ಗಿದ ಹಾಗೆ, ಗುಣವೂ ಹೆಸರೂ ಇಲ್ಲದ ಸರಕು ನಿಲ್ಲುವುದು ಕಷ್ಟ.

ಕಾರ್ಕಳದಲ್ಲಿ ದ್ರಾಕ್ಷಿ ಆಗುವುದಿಲ್ಲ. ವರುಷಕ್ಕೆ 4000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಲ್ಲಿ ಬಳ್ಳಿ ಬೂಜು ಹಿಡಿದೇ ಹೋದೀತು. ಆದರೆ ನಮಗೆ ಗೇರು ಉಂಟಲ್ಲ! ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಮರ ನಮ್ಮ ಗುಡ್ಡೆಯದೇ ಆಯಿತು. ಗೇರುಬೀಜದ ಕಾರ್ಖಾನೆಗಳಲ್ಲಿ ನಮ್ಮ ಎಷ್ಟು ಮನೆಯ ಹೆಂಗಸರು ದುಡಿಯುತ್ತಾರೆ! ತಿರುಳು ರಫ್ತಿನಲ್ಲಿ ಲೋಕಕ್ಕೇ ಮೊದಲಿಗರಾಗಿದ್ದ ನಮ್ಮನ್ನು 2006ರ ಸುಮಾರಿಗೆ ವಿಯೆಟ್ನಾಂ ಹಿಂದೆ ಹಾಕಿತು. ಅವರು ಯಂತ್ರ ಹೂಡಿದರು, ಹೊರಗಿನಿಂದ ಹಸಿಬೀಜ ತರಿಸಿದರು. ನಮ್ಮ ಕಾರ್ಖಾನೆಗಳೂ ಆಫ್ರಿಕದ ಬೀಜಕ್ಕೆ ಕಾಯುವಂತಾಗಿದೆ.

ಬೀಜ ಹೆಕ್ಕಿದ ಮೇಲೆ ಹಣ್ಣನ್ನು ಮರದ ಬುಡದಲ್ಲೇ ಬಿಟ್ಟು ಬರುತ್ತೇವೆ. ಅದೇ ಹಣ್ಣಿನಿಂದ ಗೋವೆಯವರು ಫೆನಿ ಇಳಿಸಿ, 2009ರಲ್ಲಿ ಊರ ಹೆಸರಿನ ಭೌಗೋಳಿಕ ಗುರುತು ಪಡೆದರು. ಹಾಗೆಂದು ನೀವು ಮನೆಯಲ್ಲಿ ಭಟ್ಟಿ ಹೂಡಬೇಡಿ. ಪರವಾನಗಿ ಇಲ್ಲದೆ ಅದು ಅಪರಾಧ. ಆದರೆ ಶರಬತ್ತಿಗೆ, ಜಾಮಿಗೆ, ಉಪ್ಪಿನಕಾಯಿಗೆ ಕಾನೂನಿನ ಅಡ್ಡಿ ಏನೂ ಇಲ್ಲ. ಪುತ್ತೂರಿನ ಗೇರು ಸಂಶೋಧನಾ ಕೇಂದ್ರದಲ್ಲಿ ಕೇಳಿದರೆ ದಾರಿ ಹೇಳಿಕೊಡುತ್ತಾರೆ.

ಊರ ಹೆಸರಿನ ಬೆಲೆ ನಮಗೆ ಹೊಸತೇನೂ ಅಲ್ಲ. ಮಟ್ಟುಗುಳ್ಳಕ್ಕೂ ಉಡುಪಿ ಮಲ್ಲಿಗೆಗೂ ಆ ಗುರುತು ಸಿಕ್ಕಿದೆ. ಬರೇ ಬದನೆ ಅಂತ ಕೇಳುವವರು ಬೇರೆ, ಮಟ್ಟುಗುಳ್ಳವೇ ಬೇಕು ಅಂತ ಬರುವವರು ಬೇರೆ.

ಇನ್ನು ಮುಂದೆ ಯಾರಾದರೂ ಬಂದು ಹೊಸ ಬೆಳೆ ನೆಡಿ, ನಾವೇ ಕೊಳ್ಳುತ್ತೇವೆ ಅಂದರೆ ಮೂರು ಪ್ರಶ್ನೆ ಕೇಳಿ. ನೀವು ಕೊಳ್ಳದಿದ್ದರೆ ಬೇರೆ ಯಾರು ಕೊಳ್ಳುತ್ತಾರೆ? ಕೊಯ್ದದ್ದನ್ನು ಮನೆಯಲ್ಲಿ ಎಷ್ಟು ದಿನ ಇಡಬಹುದು? ಬೆಲೆಯನ್ನು ಕಾಗದದಲ್ಲಿ ಬರೆದು ಕೊಡುತ್ತೀರಾ? ನೆರೆಕರೆಯವರು ನಾಲ್ಕು ಜನ ಸೇರಿ ಕೇಳಿದರೆ ಇನ್ನೂ ಒಳ್ಳೆಯದು. ನಾಸಿಕದ ರೈತರಲ್ಲಿ ಎಷ್ಟೋ ಮಂದಿಗೆ ಈ ಪ್ರಶ್ನೆಗಳ ಬೆಲೆ ಗೊತ್ತಾದದ್ದು ಬಳ್ಳಿ ಕಿತ್ತ ಮೇಲೆ. ನಮಗೆ ನೆಡುವ ಮೊದಲೇ ಗೊತ್ತಿರಲಿ.

ಬರುವ ಮಳೆಗಾಲಕ್ಕೆ ಬೋರ್ಡೋ ಕದಡುವಾಗ ಈ ಮಾತು ನೆನಪಾದರೆ ಸಾಕು.