ಹೊರಗಿನ ಊಟ ಮತ್ತು ಆಹಾರ ಅಲರ್ಜಿ

ಆಹಾರ ಅಲರ್ಜಿ ಅಥವಾ ಆಹಾರ ಅಸಹಿಷ್ಣುತೆ ಇರುವವರು ಹೋಟೆಲು, ದರ್ಶಿನಿ, ಖಾನಾವಳಿ, ಮದುವೆಮನೆ ಮೊದಲಾದ ಕಡೆ ಉಣ್ಣುವಾಗ ಎದುರಿಸುವ ಅಪಾಯ ಹಾಗೂ ಅದನ್ನು ತಡೆಯುವ ಕ್ರಮಗಳು ಸಾರ್ವಜನಿಕ ಆರೋಗ್ಯಕ್ಕೆ ಸಂಬಂಧಿಸಿದ ವಿಷಯಗಳಾಗಿವೆ. ಮನೆಯ ಅಡುಗೆಗೆ ಏನೇನು ಬಿದ್ದಿದೆ ಎಂಬುದು ಉಣ್ಣುವವರಿಗೆ ತಿಳಿದಿರುತ್ತದೆ. ಹೊರಗೆ ಆ ತಿಳಿವು ಅಡುಗೆಯವರಲ್ಲಿ ಮಾತ್ರ ಉಳಿದಿರುತ್ತದೆ. ಬಡಿಸುವವರಿಗೂ ಅನೇಕ ವೇಳೆ ಅದು ಗೊತ್ತಿರುವುದಿಲ್ಲ.

ಅಲರ್ಜಿ ಮತ್ತು ಅಸಹಿಷ್ಣುತೆ

ಆಡುಮಾತಿನ 'ಮೈಗೆ ಒಗ್ಗುವುದಿಲ್ಲ' ಎಂಬ ಒಂದೇ ಮಾತು ಇವೆರಡನ್ನೂ ಸೂಚಿಸುತ್ತದೆಯಾದರೂ ವೈದ್ಯಶಾಸ್ತ್ರದಲ್ಲಿ ಇವು ಬೇರೆ ಬೇರೆ. ಅಲರ್ಜಿಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯು ಆಹಾರದ ಪ್ರೋಟೀನನ್ನು ಶತ್ರುವೆಂದು ಭಾವಿಸಿ ಪ್ರತಿಕ್ರಿಯಿಸುತ್ತದೆ. ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಗಳ ಒಳಗೆ ತುರಿಕೆ, ದದ್ದು, ತುಟಿ-ನಾಲಿಗೆಯ ಊತ, ವಾಂತಿ, ಉಬ್ಬಸ ಕಾಣಿಸಿಕೊಳ್ಳುತ್ತವೆ. ಇದರ ತೀವ್ರ ರೂಪವಾದ ಅನಾಫಿಲಾಕ್ಸಿಸ್‌ನಲ್ಲಿ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ ಒದಗಬಹುದು. ಅತ್ಯಲ್ಪ ಪ್ರಮಾಣವೂ ಇದಕ್ಕೆ ಸಾಕು.

ಅಸಹಿಷ್ಣುತೆಯು ಬಹುಮಟ್ಟಿಗೆ ಜೀರ್ಣಕ್ರಿಯೆಯ ತೊಡಕು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಕಡಿಮೆಯಿದ್ದರೆ ಹೊಟ್ಟೆಯುಬ್ಬರ, ಭೇದಿ ಉಂಟಾಗುತ್ತವೆ. ಇಂಥವರಲ್ಲಿ ಹಲವರಿಗೆ ಒಂದು ಲೋಟ ಹಾಲು ಆಗದಿದ್ದರೂ ಮೊಸರು ಆಗಬಹುದು. ಹಾಲಿನ ಅಲರ್ಜಿ ಇರುವವರಿಗೆ ಈ ರಿಯಾಯಿತಿ ಇಲ್ಲ. ಗೋಧಿಯ ಗ್ಲುಟೆನ್‌ನಿಂದ ಸಣ್ಣಕರುಳಿಗೆ ಹಾನಿಯಾಗುವ ಸೀಲಿಯಾಕ್ ಕಾಯಿಲೆ ಈ ಎರಡೂ ಗುಂಪಿಗೆ ಸೇರದು. ಅದು ದೇಹವು ತನ್ನ ಅಂಗಾಂಶದ ಮೇಲೆಯೇ ತಿರುಗಿಬೀಳುವ ಬಗೆಯದು.

ಕರ್ನಾಟಕದ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರಕ್ತಪರೀಕ್ಷೆಯಲ್ಲಿ ಸುಮಾರು ಕಾಲುಭಾಗ ಜನರಲ್ಲಿ ಯಾವುದಾದರೊಂದು ಆಹಾರಕ್ಕೆ ಸಂವೇದನೆ ಕಂಡುಬಂದರೂ, ಅಲರ್ಜಿ ಇರುವ ಸಂಭವವಿದ್ದವರು ಶೇಕಡಾ 1.2 ಮಾತ್ರ. ರಕ್ತಪರೀಕ್ಷೆಯ ಫಲಿತಾಂಶವೊಂದನ್ನೇ ನೆಚ್ಚಿ ಹತ್ತಾರು ಪದಾರ್ಥಗಳನ್ನು ಬಿಡುವುದು ಸರಿಯಲ್ಲವೆಂಬುದು ಇದರಿಂದ ಸ್ಪಷ್ಟ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬದನೆಕಾಯಿಯ ಅಲರ್ಜಿಯನ್ನೂ ಅಭ್ಯಸಿಸಿದ್ದಾರೆ.

ಹೋಟೆಲಿನ ಅಡುಗೆಯಲ್ಲಿ ಅಡಗಿರುವ ಪದಾರ್ಥಗಳು

ಕಣ್ಣಿಗೆ ಕಾಣುವ ಪದಾರ್ಥಕ್ಕಿಂತ ಕಾಣದಿರುವುದೇ ಹೆಚ್ಚು ಅಪಾಯಕಾರಿ. ಅಂಗಡಿಯಲ್ಲಿ ದೊರೆಯುವ ಇಂಗಿನಲ್ಲಿ ಅನೇಕ ಬಾರಿ ಗೋಧಿಹಿಟ್ಟು ಅಥವಾ ಮೈದಾ ಬೆರೆತಿರುತ್ತದೆ. ಆದ್ದರಿಂದ ಬೇಳೆ-ತರಕಾರಿಯ ಸಾರು, ಸಾಂಬಾರು ಕೂಡ ಸೀಲಿಯಾಕ್ ರೋಗಿಗೆ ನಿರಪಾಯವೆನ್ನಲಾಗದು. ಅಕ್ಕಿ-ಉದ್ದಿನ ಇಡ್ಲಿಯಲ್ಲಿ ಗೋಧಿ ಇಲ್ಲ, ರವೆ ಇಡ್ಲಿಯಲ್ಲಿ ಗೋಧಿಯೂ ಇದೆ, ಮೊಸರೂ ಇದೆ. ರವೆ ದೋಸೆ ಹುಯ್ದ ಕಾವಲಿಯ ಮೇಲೆಯೇ ಮಸಾಲೆ ದೋಸೆಯನ್ನೂ ಹುಯ್ಯುವುದುಂಟು.

ಕಡಲೆಕಾಯಿ (ಉತ್ತರ ಕರ್ನಾಟಕದಲ್ಲಿ ಶೇಂಗಾ) ಚಿತ್ರಾನ್ನ, ಪುಳಿಯೋಗರೆಗಳಲ್ಲಿ ಕಾಣಸಿಗುತ್ತದೆ. ಚಟ್ನಿಯಲ್ಲಿ ಹುರಿಗಡಲೆಯೊಡನೆ ರುಬ್ಬಿದಾಗ ಕಾಣುವುದಿಲ್ಲ. ತಟ್ಟೆಗೆ ಬಂದ ಚಿತ್ರಾನ್ನದಿಂದ ಕಾಳುಗಳನ್ನು ಆರಿಸಿ ತೆಗೆದರೆ ಅಲರ್ಜಿಯ ಅಪಾಯ ತಪ್ಪದು. ಚೆನ್ನಾಗಿ ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಅತ್ಯಲ್ಪ. ಗಾಣದ ಎಣ್ಣೆಯಲ್ಲಿ ಅದು ಉಳಿದಿರುತ್ತದೆ. ಗೋಡಂಬಿಯು ಖಾರಾಬಾತಿನಲ್ಲಿ ಒಗ್ಗರಣೆಯಾಗಿ ಕಂಡರೆ, ಉತ್ತರ ಭಾರತದ ಪಲ್ಯಗಳಲ್ಲಿ ರುಬ್ಬಿದ ಗ್ರೇವಿಯಾಗಿ ಮರೆಯಾಗಿರುತ್ತದೆ. ಕರಾವಳಿಯಲ್ಲಿ ಒಣಸಿಗಡಿಯ ಚಟ್ನಿ ಹಾಗೂ ಮೀನು ಕರಿದ ಎಣ್ಣೆಯ ಮರುಬಳಕೆ ಗಮನಿಸಬೇಕಾದವು.

ಕಾನೂನು

ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ಹಾಗೂ ಪ್ರದರ್ಶನ ನಿಯಮಗಳು ಗ್ಲುಟೆನ್ ಇರುವ ಧಾನ್ಯ, ಸಿಗಡಿ-ಏಡಿಯಂಥ ಚಿಪ್ಪುಜೀವಿಗಳು, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ ಹಾಗೂ ಕಿಲೋಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಸಲ್ಫೈಟ್ ಇವುಗಳನ್ನು ಅಲರ್ಜಿಕಾರಕಗಳೆಂದು ಪಟ್ಟಿಮಾಡಿವೆ. ಕೇಂದ್ರ ಪರವಾನಗಿ ಪಡೆದ ಅಥವಾ 10 ಹಾಗೂ ಅದಕ್ಕಿಂತ ಹೆಚ್ಚು ಶಾಖೆಗಳಿರುವ ಉಪಾಹಾರಗೃಹಗಳು ಈ ಮಾಹಿತಿಯನ್ನು ಗ್ರಾಹಕರಿಗೆ ಒದಗಿಸಬೇಕು. ಜನಸಾಮಾನ್ಯರು ನಿತ್ಯ ಉಣ್ಣುವ ಸಣ್ಣ ಹೋಟೆಲುಗಳು ಈ ಕಟ್ಟಿನಿಂದ ಹೊರಗುಳಿದಿವೆ. ಐರೋಪ್ಯ ಒಕ್ಕೂಟದ 14 ಅಲರ್ಜಿಕಾರಕಗಳ ಪಟ್ಟಿಯಲ್ಲಿರುವ ಸಾಸಿವೆ, ಎಳ್ಳು ಭಾರತದ ಪಟ್ಟಿಯಲ್ಲಿಲ್ಲ. ಸಾಸಿವೆಯಿಲ್ಲದ ಒಗ್ಗರಣೆ ಅಪರೂಪವಾಗಿರುವ ನಾಡಿನಲ್ಲಿ ಇದು ಗಮನಾರ್ಹ ಕೊರತೆ.

ಬ್ರಿಟನ್ನಿನ ನತಾಶಾ ಎಡ್ನನ್-ಲಪರೂಸ್ ಎಂಬ 15 ವರ್ಷದ ಬಾಲಕಿ 2016ರಲ್ಲಿ ಹೀಥ್ರೂ ವಿಮಾನನಿಲ್ದಾಣದಲ್ಲಿ ಕೊಂಡ ಬ್ರೆಡ್ ತಿನಿಸಿನಿಂದ ಮೃತಳಾದಳು. ಹಿಟ್ಟಿನಲ್ಲೇ ಬೆರೆಸಿ ಬೇಯಿಸಿದ್ದ ಎಳ್ಳಿನ ಪ್ರಸ್ತಾಪ ಪೊಟ್ಟಣದ ಮೇಲಿರಲಿಲ್ಲ. ಅಂಗಡಿಯಲ್ಲೇ ಕಟ್ಟಿ ಮಾರುವ ತಿನಿಸಿಗೆ ಆಗ ಅದು ಕಡ್ಡಾಯವೂ ಆಗಿರಲಿಲ್ಲ. 2021ರ ಅಕ್ಟೋಬರ್ 1ರಂದು ಜಾರಿಗೆ ಬಂದ 'ನತಾಶಾ ಕಾನೂನು' ಇಂತಹ ಪೊಟ್ಟಣಗಳ ಮೇಲೂ ಪೂರ್ಣ ಪದಾರ್ಥಪಟ್ಟಿಯನ್ನು ಕಡ್ಡಾಯಗೊಳಿಸಿತು.

ತಿಳಿಸುವ ಬಗೆ ಮತ್ತು ತುರ್ತು ಚಿಕಿತ್ಸೆ

'ಈರುಳ್ಳಿ-ಬೆಳ್ಳುಳ್ಳಿ ಬೇಡ' ಎಂದರೆ ಹೋಟೆಲಿನವರು ವ್ರತವೆಂದು ತಿಳಿದು ಗೌರವಿಸುತ್ತಾರೆ. 'ಕಡಲೆಕಾಯಿ ಬೇಡ' ಎಂಬುದು ಮಾತ್ರ ರುಚಿಯ ಮಾತೆಂದು ತೋರುವ ಸಂಭವ ಹೆಚ್ಚು. ಆದಕಾರಣ ಪದಾರ್ಥದ ಹೆಸರನ್ನೂ, ತಿಂದರೆ ಉಸಿರು ಕಟ್ಟಬಹುದೆಂಬ ಪರಿಣಾಮವನ್ನೂ ಒಟ್ಟಿಗೆ ಹೇಳುವುದು, ಸಾಧ್ಯವಾದರೆ ಕನ್ನಡದಲ್ಲಿ ಬರೆದ ಚೀಟಿಯನ್ನು ಅಡುಗೆಮನೆಗೆ ಕಳುಹಿಸುವುದು ಉಪಯುಕ್ತ. ಬಡಿಸುವವರು 'ಇರಲಾರದು' ಎಂದು ಊಹಿಸಿ ಹೇಳಿದ ಉತ್ತರವನ್ನು ನೆಚ್ಚಬಾರದು.

ಅನಾಫಿಲಾಕ್ಸಿಸ್‌ಗೆ ಮೊದಲ ಮದ್ದು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿಯ ಮಾತ್ರೆಗಳು ಅದಕ್ಕೆ ಬದಲಿಯಲ್ಲ. ತಾವೇ ಚುಚ್ಚಿಕೊಳ್ಳಬಹುದಾದ ಪೆನ್ನಿನಾಕಾರದ ಸಾಧನ ಭಾರತದ ಔಷಧದಂಗಡಿಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲವಾದ್ದರಿಂದ 108ಕ್ಕೆ ಕರೆಮಾಡಿ ತಡವಿಲ್ಲದೆ ಆಸ್ಪತ್ರೆ ಸೇರಿಸಬೇಕಾಗುತ್ತದೆ. ಅಲ್ಲಿಯವರೆಗೆ ರೋಗಿಯನ್ನು ಮಲಗಿಸಿರಬೇಕು. ಉಸಿರಾಟ ಕಷ್ಟವಾದರೆ ಕೂರಿಸಬಹುದು, ನಡೆಸಬಾರದು.